ಆದಿತ್ಯವಾರದ ಮಾಂಸ, ಸೋಮವಾರದ ಕಾವಲಿ

ಆದಿತ್ಯವಾರದ ಬೀಫ್ ಬಫಾತ್ (ಮಂಗಳೂರು ಕ್ರೈಸ್ತರ ಮನೆಗಳ ಮಸಾಲೆ ಹಾಕಿದ ಮಾಂಸದ ಸಾರು) ಪಾತ್ರೆಯಲ್ಲಿ ಕೊನೆಗೆ ಉಳಿಯುವುದು ಒಳ್ಳೆಯ ತುಂಡುಗಳಲ್ಲ. ಅವು ಮೊದಲ ಸುತ್ತಿನಲ್ಲೇ ಹೋಗಿರುತ್ತವೆ. ಉಳಿಯುವುದು ಸೌಟು ತಾಗಿ ತಾಗಿ ಎಳೆ ಬಿಟ್ಟುಕೊಂಡದ್ದು, ಮೂಳೆಯಿಂದ ಕಳಚಿ ಬಿದ್ದದ್ದು, ತಳದ ಮಸಾಲೆಯಲ್ಲಿ ಹೂತುಹೋದದ್ದು. ನೆಂಟರಿಗೆ ಬಡಿಸುವ ಹಾಗಿಲ್ಲ, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ನಮ್ಮಲ್ಲಿ ಅದು ಡಬ್ಬಿ ಸೇರಿ ಫ್ರಿಜ್ಜಿಗೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಮೇಣದಂಥ ಬಿಳಿ ಪದರ, ಅದರ ಅಡಿಯಲ್ಲಿ ಚಮಚ ನೆಟ್ಟರೆ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದ ರಸ.

ಮದುವೆಯಾಗಿ ಬಂದ ಹೊಸತರಲ್ಲಿ ನಾನು ಇದನ್ನು ಹಾಗೆಯೇ ಕುಕ್ಕರಿಗೆ ಸುರಿದು ಎರಡು ವಿಸಿಲ್ ಹಾಕಿಸಿದ್ದೆ. ಬಿಸಿಯೂ ಆಗಲಿ, ಇನ್ನಷ್ಟು ಮೆತ್ತಗೂ ಆಗಲಿ ಅಂತ. ಆದದ್ದು ತೆಂಗಿನ ನಾರು. ಮಾಂಯ್ (ಅತ್ತೆಯನ್ನು ನಾವು ಕರೆಯುವುದು ಹಾಗೆ) ಒಂದು ತುತ್ತು ಬಾಯಿಗಿಟ್ಟು, "ಇದು ನಿನ್ನೆಯೇ ಬೆಂದದ್ದಲ್ವಾ ಮಗಾ, ಪುನಃ ಯಾಕೆ ಬೇಯಿಸಿದೆ?" ಅಂತ ಮೆಲ್ಲ ಕೇಳಿದರು. ಆ ಪ್ರಶ್ನೆಯಲ್ಲೇ ಎಲ್ಲ ಉಂಟು ಅಂತ ಗೊತ್ತಾಗಲಿಕ್ಕೆ ನನಗೆ ವರ್ಷಗಳು ಬೇಕಾದವು. ಎಳೆ ಬಿಟ್ಟ ಮಾಂಸ ಬೇಯುವ ಕೆಲಸ ಮುಗಿಸಿ ಕೂತಿದೆ. ಇನ್ನು ಅದನ್ನು ಒಂದೋ ಹುರಿಯಬೇಕು, ಒಂದೋ ರಸದಲ್ಲಿ ನೆನೆಸಬೇಕು. ಮೂರನೆಯದಕ್ಕೆ ಕೈ ಹಾಕಿದರೆ ನಾರು.

ಎಳೆ ಬಿಡುವುದು ಯಾಕೆ

ಮಂಗಳೂರಿನಲ್ಲಿ ಈಗ ಬೀಫ್ ಅಂದರೆ ಕಾನೂನಿನ ಪ್ರಕಾರ ಎಮ್ಮೆ ಅಥವಾ ಕೋಣದ ಮಾಂಸವೇ ಆಗಬೇಕು. ರಾಜ್ಯದ 2020ರ ಕಾಯ್ದೆಯಲ್ಲಿ ಹಸು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ, ಅದೂ ಪ್ರಮಾಣಪತ್ರ ಇದ್ದರೆ, ಅವಕಾಶ. ಅದರ ಪರ-ವಿರೋಧ ಬೇರೆ ಕಡೆ ಸಾಕಷ್ಟು ನಡೆಯುತ್ತಿದೆ. ಅಡುಗೆಮನೆಗೆ ಅದರಿಂದ ಗೊತ್ತಾಗಬೇಕಾದದ್ದು ಒಂದೇ: ಪಾತ್ರೆಗೆ ಬೀಳುವುದು ಪ್ರಾಯ ಸಂದ ಪ್ರಾಣಿಯ ಮಾಂಸ.

ಮಾಂಸವೆಂದರೆ ನೂಲಿನ ಕಟ್ಟುಗಳು ಅಂತ ಇಟ್ಟುಕೊಳ್ಳಿ. ಸಣ್ಣ ನೂಲುಗಳನ್ನು ಸೇರಿಸಿ ಒಂದು ಕಟ್ಟು, ಅಂಥ ಕಟ್ಟುಗಳನ್ನು ಸೇರಿಸಿ ದೊಡ್ಡ ಕಟ್ಟು. ಕಟ್ಟಿದ ದಾರದ ಹೆಸರು ಕೊಲಾಜೆನ್. ಪ್ರಾಣಿಗೆ ಪ್ರಾಯ ಆದ ಹಾಗೆ ಈ ದಾರದಲ್ಲಿ ಅಡ್ಡಗಂಟುಗಳು ಬೀಳುತ್ತಾ ಹೋಗುತ್ತವೆ, ಸುಲಭಕ್ಕೆ ಬಿಚ್ಚುವುದಿಲ್ಲ. 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟರೆ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತದೆ. ದಾರ ಕರಗಿತು, ನೂಲು ಬಿಡಿಬಿಡಿಯಾಯಿತು. ಸೌಟು ತಾಗಿದರೆ ಎಳೆ ಬಿಡುವುದು ಅದಕ್ಕೇ.

ಇಲ್ಲಿ ನಮ್ಮ ನಾಲಗೆಗೆ ಒಂದು ಮೋಸ ಆಗುತ್ತದೆ. ನೂಲು ಮೆತ್ತಗಾಗಿದೆ ಅಂತ ನಾವು ತಿಳಿಯುತ್ತೇವೆ. ಆಗಿರುವುದು ತಿರುಗಾಮುರುಗಾ. ಅಷ್ಟು ಹೊತ್ತಿನ ಬಿಸಿಗೆ ನೂಲು ತನ್ನೊಳಗಿನ ನೀರನ್ನು ಹಿಂಡಿ ಹೊರಗೆ ಹಾಕಿ, ಬಿಗಿದು, ಒಣಗಿಹೋಗಿದೆ. ತಿನ್ನುವಾಗ ಮೆದು ಅನಿಸುವುದು ನೂಲುಗಳ ನಡುವೆ ಕೂತ ಜೆಲಟಿನ್ ಜಾರುವುದರಿಂದ. ಪುನಃ ಕುಕ್ಕರಿಗೆ ಹಾಕಿದರೆ ಆ ಜೆಲಟಿನ್ ಪೂರ್ತಿ ರಸಕ್ಕೆ ಇಳಿದು, ನೂಲು ಒಂಟಿಯಾಗಿ ನಿಲ್ಲುತ್ತದೆ. ನನ್ನ ಎರಡು ವಿಸಿಲಿನ ಕಥೆ ಅದು.

ಹಾಗಾಗಿ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಆ ರಸ ಡಬ್ಬಿಯಲ್ಲಿರುವ ಅತಿ ಬೆಲೆಬಾಳುವ ವಸ್ತು. ಅದನ್ನು ನೋಡಿ ಮುಖ ಸಿಂಡರಿಸಿ ಸಿಂಕಿಗೆ ಹಾಕುವವರು ಇದ್ದಾರೆ. ಬೇಡ ಮಾರಾಯ್ರೆ. ಮೇಲಿನ ಬಿಳಿ ಪದರ ಬೇರೆ, ಅದು ಕೊಬ್ಬು. ಎಮ್ಮೆ ತಾನು ತಿಂದ ಹುಲ್ಲಿನ ಹಳದಿ ಕೆರೋಟಿನನ್ನು ವಿಟಮಿನ್ ಎ ಆಗಿ ಬದಲಾಯಿಸಿಬಿಡುವುದರಿಂದ ಅದರ ಕೊಬ್ಬು, ಅದರ ಬೆಣ್ಣೆಯ ಹಾಗೆಯೇ, ಬೆಳ್ಳಗೆ. ಈ ಕೊಬ್ಬು ಕರಗಲಿಕ್ಕೆ 40 ಡಿಗ್ರಿಗಿಂತ ಮೇಲೆ ಬೇಕು. ನಮ್ಮ ಬಾಯಿ 37ರ ಹತ್ತಿರ. ಬೆಚ್ಚಗೆ ಮಾತ್ರ ಮಾಡಿದ ಬೀಫ್ ತಿಂದರೆ ಅಂಗುಳಿಗೆ ಮೇಣ ಅಂಟಿದ ಹಾಗೆ ಆಗುವುದು ಇದರಿಂದ. ತೆಂಗಿನೆಣ್ಣೆಗೆ 25 ಡಿಗ್ರಿ ಸಾಕು, ಡಿಸೆಂಬರಿನ ಬೆಳಗ್ಗೆ ಬಿಟ್ಟರೆ ನಮ್ಮೂರಲ್ಲಿ ಅದು ಹೆಪ್ಪಾಗುವುದೇ ಅಪರೂಪ. ಬಿಳಿ ಪದರವನ್ನು ಚಮಚದಲ್ಲಿ ಎಬ್ಬಿಸಿ ತೆಗೆದಿಡಿ. ಒಂದು ಚಮಚ ಹುರಿಯಲಿಕ್ಕೆ ಬೇಕಾಗುತ್ತದೆ, ಬಾಕಿಗೆ ತೆಂಗಿನೆಣ್ಣೆ.

ನಿನ್ನೆಯ ವಾಸನೆ

ಬಫಾತ್ ಮರುದಿನಕ್ಕೆ ಹೆಚ್ಚು ರುಚಿ ಅನ್ನುವುದು ನಮ್ಮಲ್ಲಿ ಎಲ್ಲರೂ ಒಪ್ಪುವ ಮಾತು. ಅದೇ ಮಾಂಸವನ್ನು ರಸದಿಂದ ತೆಗೆದು ತಟ್ಟೆಯಲ್ಲಿ ಒಣಗಲು ಬಿಟ್ಟು ಮರುದಿನ ಬಿಸಿ ಮಾಡಿ ನೋಡಿ, ಹಳೆ ರಟ್ಟಿನ ಪೆಟ್ಟಿಗೆಯ ವಾಸನೆ. ಎರಡೂ ಅದೇ ಫ್ರಿಜ್ಜಿನಲ್ಲಿ ಅದೇ ರಾತ್ರಿ ಕಳೆದವು.

ಈ ವಾಸನೆಗೆ ಆಹಾರ ವಿಜ್ಞಾನದವರು 1958ರಿಂದಲೇ ಒಂದು ಹೆಸರು ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ "ಮರುಬಿಸಿ ವಾಸನೆ" ಅನ್ನಬಹುದು. ಬೇಯಿಸುವಾಗ ಮಾಂಸದ ಕೆಂಪು ಬಣ್ಣದೊಳಗಿನ ಕಬ್ಬಿಣ ಬಿಡುಗಡೆಯಾಗುತ್ತದೆ. ಅದು, ಗಾಳಿಯ ಆಮ್ಲಜನಕ, ಜೀವಕೋಶದ ಪೊರೆಯಲ್ಲಿರುವ ಸೂಕ್ಷ್ಮ ಕೊಬ್ಬು, ಈ ಮೂರೂ ಸೇರಿದರೆ ಕೆಲವೇ ಗಂಟೆಗಳಲ್ಲಿ ಕೊಬ್ಬು ಕಮಟಲು ಹಿಡಿಯುತ್ತದೆ. ಎಳೆ ಬಿಡಿಸಿದ ಮಾಂಸಕ್ಕೆ ಇದು ಇನ್ನೂ ಬೇಗ ತಾಗುತ್ತದೆ, ಯಾಕೆಂದರೆ ಇಡೀ ತುಂಡಿಗಿಂತ ಎಳೆಗೆ ಗಾಳಿಗೊಡ್ಡುವ ಮೈ ಹತ್ತಾರು ಪಟ್ಟು ಹೆಚ್ಚು. ರಸದೊಳಗೆ ಮುಳುಗಿದ್ದರೆ ಗಾಳಿಗೆ ದಾರಿ ಇಲ್ಲ. ಸಾಲದ್ದಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಲವಂಗ ಇವೆಲ್ಲ ಕಮಟಾಗುವುದನ್ನು ತಡೆಯುವ ಗುಣ ಇರುವವು. ಮಾಂಯ್ ಅವರ ಬಫಾತ್ ಪೌಡರಿನಲ್ಲಿ ಕಾಳುಮೆಣಸು ಧಾರಾಳ ಇರುತ್ತಿತ್ತು, ಅವರು ಅದನ್ನು ಹಾಕುತ್ತಿದ್ದದ್ದು ಖಾರಕ್ಕೆ. ಕೆಲಸ ಮಾತ್ರ ಎರಡು ಆಗುತ್ತಿತ್ತು.

ಆದ್ದರಿಂದ ರಾತ್ರಿಯೇ ಎಳೆ ಬಿಡಿಸಿಡುವ ಉತ್ಸಾಹ ಬೇಡ. ತುಂಡು ತುಂಡಾಗಿ, ರಸದ ಅಡಿಯಲ್ಲಿ ಮುಳುಗಿಸಿ ಇಡಿ. ಬಿಡಿಸುವುದು ಮಾಡುವ ಹೊತ್ತಿಗೆ.

ಇಡುವುದರಲ್ಲೂ ಒಂದು ವಿಷಯ ಉಂಟು, ಇದರಲ್ಲಿ ತಮಾಷೆ ಮಾಡಲಿಕ್ಕಿಲ್ಲ. ಹಿಂದೆ ಫ್ರಿಜ್ಜು ಇಲ್ಲದ ಕಾಲದಲ್ಲಿ ಮಣ್ಣಿನ ಪಾತ್ರೆಯನ್ನು ಒಲೆಯ ಕೆಂಡದ ಮೇಲೆಯೇ ಬಿಡುತ್ತಿದ್ದರು. ಅದು ಆರುತ್ತಲೇ ಇರಲಿಲ್ಲ. ಈಗ ನಾವು ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಿ, ಮಧ್ಯಾಹ್ನದಿಂದ ರಾತ್ರಿವರೆಗೆ ಹಾಗೇ ಬಿಟ್ಟು, ಮಲಗುವ ಮೊದಲು ಒಂದು ಕುದಿ ಕುದಿಸಿದರೆ ಸಾಕು ಅಂದುಕೊಳ್ಳುತ್ತೇವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ಇಂಥ ದೊಡ್ಡ ಪಾತ್ರೆಯ ಮಾಂಸಕ್ಕಾಗಿಯೇ ಕಾದಿರುತ್ತದೆ. ಅದರ ಬೀಜಕಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಸಾರು ಆರುತ್ತಾ 45 ಡಿಗ್ರಿಯ ಆಸುಪಾಸಿಗೆ ಇಳಿದಾಗ ಎಚ್ಚರಾಗಿ, ಹತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗುವ ವೇಗದಲ್ಲಿ ಬೆಳೆಯುತ್ತವೆ. ಐದು ಲೀಟರಿನ ಪಾತ್ರೆ ಮುಚ್ಚಳ ಹಾಕಿ ಇಟ್ಟರೆ ಆ ಹದದಲ್ಲಿ ಗಂಟೆಗಟ್ಟಲೆ ಇರುತ್ತದೆ.

ಪರಿಹಾರ ಸುಲಭ. ಊಟ ಆದ ಎರಡು ಗಂಟೆಯೊಳಗೆ, ಸೆಖೆ 32 ದಾಟಿದ ದಿನ ಒಂದೇ ಗಂಟೆಯೊಳಗೆ, ಎರಡು ಇಂಚಿಗಿಂತ ಆಳ ಇಲ್ಲದ ಅಗಲ ಡಬ್ಬಿಗೆ ಹಾಕಿ ಫ್ರಿಜ್ಜಿಗೆ. ನಮ್ಮೂರಿನ ಏಪ್ರಿಲ್, ಮೇ ತಿಂಗಳಿಗೆ ಒಂದು ಗಂಟೆಯ ಲೆಕ್ಕವೇ ಹಿಡಿಯಿರಿ. ಫ್ರಿಜ್ಜಿನಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ದಿನ. ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ಬಿಸಿ ಮಾಡುವುದು ಬೇಕಾದಷ್ಟನ್ನು ಮಾತ್ರ, ಒಂದೇ ಸಲ, ಹಬೆ ಏಳುವವರೆಗೆ. ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ. ಬೇಯಿಸಬಾರದು ಅಂದದ್ದು ಗಂಟೆಗಟ್ಟಲೆ ಬೇಯಿಸುವುದನ್ನು. ಎಳೆ ತೆಳ್ಳಗಿರುವುದರಿಂದ ಬಿಸಿಯಾಗಲಿಕ್ಕೆ ಎರಡು ಮೂರು ನಿಮಿಷ ಧಾರಾಳ.

ಹುರಿಯುವ ದಾರಿ

ಬಾಣಲೆಯಲ್ಲಿ ರಸ ಇರುವಷ್ಟು ಹೊತ್ತು ಮಾಂಸದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಆ ಹುರಿದ ಪರಿಮಳ ಬರಬೇಕಾದರೆ 140ರ ಸುತ್ತ ಬೇಕು. ನೀರು ಪೂರ್ತಿ ಹೋದ ಮೇಲೆಯೇ ಆ ಆಟ ಶುರು. ಸೋಮವಾರದ ಸುಕ್ಕ (ತೆಂಗಿನತುರಿ ಹಾಕಿದ ಒಣ ಅಡುಗೆ) ಹಲವರ ಮನೆಯಲ್ಲಿ ರಸದ ಗಸಿಯೂ ಅಲ್ಲದ ಸುಕ್ಕವೂ ಅಲ್ಲದ ಒಂದು ಕೆಸರಾಗುವುದು ಈ ಅವಸರದಿಂದ.

ನಾನು ಮಾಡುವುದು ಹೀಗೆ. ಡಬ್ಬಿಯನ್ನು ಸ್ವಲ್ಪ ಬಿಸಿ ಮಾಡಿ ರಸವನ್ನು ಸೋಸಿ ಬೇರೆ ಇಡುತ್ತೇನೆ. ಮಾಂಸವನ್ನು ಎರಡು ಫೋರ್ಕಿನಲ್ಲಿ ಬಿಡಿಸುತ್ತೇನೆ, ಹೊಲಿಗೆ ನೂಲಿನಷ್ಟು ಸಪೂರ ಬೇಡ, ಬೆಂಕಿಕಡ್ಡಿಯಷ್ಟು ದಪ್ಪ ಇರಲಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಬೇಕು, ಎತ್ತಿಟ್ಟ ಕೊಬ್ಬು ಒಂದು ಚಮಚ, ತೆಂಗಿನೆಣ್ಣೆ ಒಂದು ಚಮಚ. ಎಳೆಗಳನ್ನು ಒಂದೇ ಪದರವಾಗಿ ಹರಡಿ ಕೈ ಕಟ್ಟಿ ನಿಲ್ಲುವುದು. ಕಷ್ಟ ಇರುವುದು ಇದರಲ್ಲೇ. ಸೌಟು ಹಿಡಿದ ಕೈ ಸುಮ್ಮನಿರುವುದಿಲ್ಲ. ಮೊದಲು ಚುಂಯ್ ಅನ್ನುವ ಒದ್ದೆ ಸದ್ದು ಬರುತ್ತದೆ, ಅದು ನೀರು ಹೋಗುವ ಸದ್ದು. ಎರಡು ನಿಮಿಷದಲ್ಲಿ ಸದ್ದು ತೆಳ್ಳಗಾಗಿ ಚಿಟಪಟ ಆಗುತ್ತದೆ, ಆಗ ಮಗುಚಬೇಕು. ಅಂಚು ಕಪ್ಪು-ಕಂದು, ನಡು ಮೆದು. ಕರಿಬೇವು ಎರಡು ಗರಿ ಆಗಲೇ ಹಾಕಿದರೆ ಗರಿಗರಿಯಾಗುತ್ತದೆ.

ತೆಂಗಿನಕಾಯಿ ಬೇರೆಯೇ ತಯಾರಾಗಬೇಕು. ಅರ್ಧ ಕಡಿಯ ತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ. ತುರಿಯನ್ನು ಒಣಗುವಷ್ಟು ಹುರಿದು, ಮಿಕ್ಸಿಯಲ್ಲಿ ನೀರು ಹಾಕದೆ ಒಂದೇ ಸುತ್ತು. ಕೊನೆಯ ಎರಡು ನಿಮಿಷಕ್ಕೆ ಇದು ಕಾವಲಿಗೆ. ಸೋಸಿಟ್ಟ ರಸದಲ್ಲಿ ಎರಡು ಚಮಚ ಮೇಲಿನಿಂದ ಚಿಮುಕಿಸಿದರೆ ಜೆಲಟಿನ್ ತುರಿಯನ್ನೂ ಎಳೆಯನ್ನೂ ಅಂಟಿಸಿ ಸಣ್ಣ ಹೊಳಪು ಕೊಡುತ್ತದೆ. ಉಪ್ಪು ಹಾಕಬೇಡಿ, ನೀರು ಆವಿಯಾಗಿ ನಿನ್ನೆಯ ಉಪ್ಪೇ ಗಟ್ಟಿಯಾಗಿರುತ್ತದೆ. ಬೇಕಾದರೆ ಹುಳಿ ಹಾಕಿ. ಲಿಂಬೆ ಆದೀತು, ಹಿತ್ತಲಲ್ಲಿ ಬಿಂಬುಳಿ ಇದ್ದರೆ ಒಂದನ್ನು ಸಪೂರ ಹೆಚ್ಚಿ ಹಾಕಿದರೆ ಮತ್ತೂ ಒಳ್ಳೆಯದು. ಹಳತಾದ ಮಾಂಸಕ್ಕೆ ಹುಳಿ ಕೊಡುವ ಜೀವ ಮಸಾಲೆ ಕೊಡುವುದಿಲ್ಲ.

ಇದೇ ಎಳೆಗೆ ನೀರುಳ್ಳಿ, ಹಸಿಮೆಣಸು, ವಿನೆಗರ್ ಹಾಕಿದರೆ ಚಿಲ್ಲಿ ಫ್ರೈ. ಬ್ರಿಟಿಷರ ಕಾಲದ ಬಂಗಾಳದಲ್ಲಿ ಉಳಿದ ರೋಸ್ಟನ್ನು ಮೆಣಸು-ನೀರುಳ್ಳಿ ಹಾಕಿ ಹುರಿದದ್ದೇ ಜಾಲ್‌ಫ್ರೇಜಿ. ಬಾಂಗ್ಲಾದೇಶದಲ್ಲಿ ಬಕ್ರೀದಿನ ಮಾಂಸವನ್ನು ದಿನಕ್ಕೊಮ್ಮೆ ಬಿಸಿ ಮಾಡುತ್ತಾ ಮಾಡುತ್ತಾ, ಅದು ತಾನಾಗಿ ಪುಡಿ ಪುಡಿಯಾಗಿ ಎಣ್ಣೆ ಬಿಟ್ಟು ಗರಿಯಾಗುವವರೆಗೆ ಬಿಡುತ್ತಾರೆ, ಝುರಾ ಮಾಂಸ ಅನ್ನುತ್ತಾರೆ. ಕ್ಯೂಬಾದವರಂತೂ ಎಳೆ ಬಿಟ್ಟ ಬೀಫಿನ ತಮ್ಮ ಹೆಸರಾಂತ ಅಡುಗೆಗೆ ಇಟ್ಟ ಹೆಸರೇ "ಹಳೆ ಬಟ್ಟೆ". ನಮ್ಮ ಗಡಿಯಾಚೆ ಕೇರಳದಲ್ಲಿ ಒಣಗಿಸಿದ ಮಾಂಸವನ್ನು ಸುಟ್ಟು ಒರಳಲ್ಲಿ ಜಜ್ಜಿ ಎಳೆ ಮಾಡಿ ಇಡಿಯಿರಚ್ಚಿ ಅನ್ನುತ್ತಾರೆ. ಊರು ಯಾವುದಾದರೂ ಪಾಠ ಅದೇ: ನೀರು ತೆಗೆ, ಹುರಿ.

ಕಟ್ಲೆಟ್ ಒಡೆಯುವುದು ಯಾಕೆ

ಉಳಿದ ಬೀಫಿನ ಮಾತು ಬಂದರೆ ನೂರಕ್ಕೆ ತೊಂಬತ್ತು ಜನ ಕಟ್ಲೆಟ್ ಅನ್ನುತ್ತಾರೆ. ಅವರಲ್ಲಿ ಎಷ್ಟೋ ಜನರ ಕಟ್ಲೆಟ್ ಎಣ್ಣೆಯಲ್ಲಿ ಬಿಚ್ಚಿಕೊಂಡು ಉಪ್ಪಿಟ್ಟಾಗುತ್ತದೆ. ನನ್ನದೂ ಆಗಿದೆ, ಅದೂ ಕ್ರಿಸ್ಮಸ್ಸಿನ ಮರುದಿನ, ಮನೆ ತುಂಬ ಜನ ಇರುವಾಗ. ಅದನ್ನು ಹಾಗೆಯೇ ಪಾವಿನೊಳಗೆ ತುಂಬಿಸಿ ಕೊಟ್ಟೆ. ಎಲ್ಲರೂ ಹೊಸ ತಿಂಡಿ ಅಂದುಕೊಂಡರು.

ಹಸಿ ಖೀಮಾದ ಕಟ್ಲೆಟ್ ಒಡೆಯುವುದಿಲ್ಲ. ಹಸಿ ಮಾಂಸದ ಪ್ರೋಟೀನ್ ಉಪ್ಪು ತಾಗಿದಾಗ ಅಂಟಾಗಿ, ಬಿಸಿ ತಾಗಿದಾಗ ಗಟ್ಟಿಯಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಎಳೆ ಮಾಂಸದ ಪ್ರೋಟೀನ್ ನಿನ್ನೆಯೇ ಗಟ್ಟಿಯಾಗಿ ಮುಗಿದಿದೆ, ಅಂಟುವ ಶಕ್ತಿ ಸೊನ್ನೆ. ಸಾಲದ್ದಕ್ಕೆ ಒಳಗಿರುವ ಜೆಲಟಿನ್ ತಣ್ಣಗಿರುವಾಗ ಅಂಟಿನ ಹಾಗೆ ನಟಿಸುತ್ತದೆ. ಉಂಡೆ ಚಂದ ನಿಲ್ಲುತ್ತದೆ, ನೀವು ನಂಬುತ್ತೀರಿ, ಬಿಸಿ ಎಣ್ಣೆಗೆ ಹೋದ ಕೂಡಲೇ ಅದು ಕರಗಿ ಕೈಕೊಡುತ್ತದೆ. ಹಾಗಾಗಿ ಹಿಡಿಯುವ ಕೆಲಸವನ್ನು ಬೇರೆಯವರಿಗೆ ಕೊಡಬೇಕು, ಬಟಾಟೆಗೆ ಮತ್ತು ಮೊಟ್ಟೆಗೆ.

ಬಟಾಟೆ ಹಿಂದಿನ ದಿನವೇ ಸಿಪ್ಪೆ ಸಮೇತ ಬೇಯಿಸಿ ಫ್ರಿಜ್ಜಿನಲ್ಲಿಟ್ಟದ್ದಾಗಬೇಕು. ತಣ್ಣಗಾದ ಪಿಷ್ಟ ಬಿಗಿಯಾಗುತ್ತದೆ; ಬಿಸಿ ಬಟಾಟೆ ಒದ್ದೆ ಗೋಂದಿನ ಹಾಗೆ. ಅಳತೆ ಎರಡು ಪಾಲು ಮಾಂಸ, ಒಂದೂವರೆ ಪಾಲು ಬಟಾಟೆ. ಇದಕ್ಕಿಂತ ಕಮ್ಮಿ ಬಟಾಟೆ ಹಾಕುವುದು ಶೂರತನ, ಹೆಚ್ಚು ಹಾಕುವುದು ಜಿಪುಣತನ. ಮಾಂಸವನ್ನು ಕಾವಲಿಯಲ್ಲಿ ಒಣಗಿಸಿ, ಆರಿಸಿ, ಚಾಕುವಿನಿಂದ ಎಳೆಗೆ ಅಡ್ಡವಾಗಿ ಕೊಚ್ಚಬೇಕು, ಒಂದು ಸೆಂಟಿಮೀಟರಿಗಿಂತ ಉದ್ದ ಉಳಿಯಬಾರದು. ಉದ್ದ ಎಳೆ ಇದ್ದರೆ ಒಬ್ಬರು ಕಚ್ಚಿದಾಗ ಎಳೆಯ ಜೊತೆ ಅರ್ಧ ಕಟ್ಲೆಟ್ಟೇ ಎದ್ದು ಬರುತ್ತದೆ. ನೀರುಳ್ಳಿ ಹಸಿಯಾಗಿ ಹಾಕಿದರೆ ಒಳಗೆ ನೀರು ಬಿಡುತ್ತದೆ, ಹುರಿದೇ ಹಾಕಿ. ಶುಂಠಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು. ತಟ್ಟಿದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟು, ಮೊಟ್ಟೆಯಲ್ಲಿ ಅದ್ದಿ, ಸಣ್ಣ ರವೆಯಲ್ಲಿ ಹೊರಳಿಸಿ, ಕಾವಲಿಯಲ್ಲಿ. ಮೊಟ್ಟೆ ಬಿಸಿಗೆ ಗಟ್ಟಿಯಾಗಿ ಚಿಪ್ಪಿನ ಹಾಗೆ ಹಿಡಿಯುತ್ತದೆ, ಬಂಗುಡೆ ಹುರಿಯುವ ಮನೆಯಲ್ಲಿ ರವೆಗೆ ಬರ ಇಲ್ಲ. ಒಂದೇ ಸಲ ಮಗುಚಬೇಕು.

ಆಟಿಯ ಮಳೆಗಾಲದಲ್ಲಿ ಜೀಗುಜ್ಜೆ (ಬ್ರೆಡ್‌ಫ್ರೂಟ್) ಸಿಕ್ಕಿದರೆ ಬಟಾಟೆಯ ಜಾಗಕ್ಕೆ ಅದನ್ನು ಬೇಯಿಸಿ ಹಾಕಿ ನೋಡಿ. ಬಟಾಟೆಗಿಂತ ನೀರು ಕಮ್ಮಿ, ರುಚಿಯೂ ಒಂದು ಕೈ ಮೇಲೆ.

ನೆನೆಸುವ ದಾರಿ

ಇಲ್ಲಿ ಹೇಳಲಿಕ್ಕೆ ಹೆಚ್ಚಿಲ್ಲ, ಯಾಕೆಂದರೆ ನಮ್ಮ ಊರಿನ ಅಕ್ಕಿಯ ತಿಂಡಿಗಳು ರಸ ಹೀರಲಿಕ್ಕೆಂದೇ ಹುಟ್ಟಿದವು. ಸೋಸಿಟ್ಟ ರಸಕ್ಕೆ ಅಷ್ಟೇ ತೆಂಗಿನಹಾಲು ಸೇರಿಸಿ, ಕುದಿಯಲು ಬಿಡದೆ (ಜೋರು ಕುದಿದರೆ ಹಾಲು ಒಡೆಯುತ್ತದೆ) ಬಿಸಿ ಮಾಡಿ, ಎಳೆಗಳನ್ನು ಕೊನೆಗೆ ಹಾಕಿ ಒಲೆ ಆರಿಸುವುದು. ಶ್ಯಾವಿಗೆಯ ಮೇಲೆ ಹೊಯ್ದರೆ ಮಾಂಸದ ಎಳೆ ಯಾವುದು, ಅಕ್ಕಿಯ ಎಳೆ ಯಾವುದು ಅಂತ ಬಾಯಿಗೇ ಗೊಂದಲ. ಕೋರಿ ರೊಟ್ಟಿಯ ರೊಟ್ಟಿ ಪ್ಯಾಕೆಟ್ ಮನೆಯಲ್ಲಿದ್ದರೆ ಕೋಳಿ ಇಲ್ಲ ಅಂತ ಅದು ತಕರಾರು ಮಾಡುವುದಿಲ್ಲ. ಪುಂಡಿ ಆದೀತು, ನೀರುದೋಸೆ ಆದೀತು. ನೀರುದೋಸೆಯ ಒಳಗೆ ಸುತ್ತುವುದಾದರೆ ಮಾತ್ರ ಹುರಿದ ಒಣ ಎಳೆಯೇ ಬೇಕು, ರಸದ್ದು ಹಾಕಿದರೆ ಮೂರನೇ ನಿಮಿಷಕ್ಕೆ ಮಡಿಲು ಹರಿಯುತ್ತದೆ.

ಆಗದೆ ಹೋದದ್ದನ್ನೂ ಹೇಳುತ್ತೇನೆ. ದೋಸೆ ಹಿಟ್ಟಿಗೇ ಎಳೆ ಬೆರೆಸಿದೆ, ಕಾವಲಿ ಬಿಡಲಿಲ್ಲ. ಒಂದು ವರ್ಷ ಪತ್ರೊಡೆಯ ಹಿಟ್ಟಿನೊಳಗೆ ಹರಡಿ ಸುತ್ತಿ ಬೇಯಿಸಿದೆ. ಅದನ್ನು ತಿಂದ ಮಾಂಯ್ ಏನೂ ಹೇಳಲಿಲ್ಲ, ಇನ್ನೊಂದು ತುಂಡು ಕೇಳಲೂ ಇಲ್ಲ. ಹಬೆಯಲ್ಲಿ ಮುಕ್ಕಾಲು ಗಂಟೆ ಅಂದರೆ ಪುನಃ ಬೇಯಿಸಿದ ಹಾಗೆಯೇ ಅಲ್ವಾ, ಅದು ನನಗೆ ಹೊಳೆಯಲೇ ಇಲ್ಲ.

ಎಲ್ಲ ಆದ ಮೇಲೂ ಒಂದು ಹಿಡಿ ಉಳಿದರೆ ಅದನ್ನು ಸಣ್ಣ ಉರಿಯಲ್ಲಿ ಕಾಲು ಗಂಟೆ ಕೈಯಾಡಿಸಿ, ಪೂರ್ತಿ ಗರಿಯಾಗುವವರೆಗೆ ಹುರಿದುಬಿಡಿ. ಒಂದು ಹಿಡಿ ಅರ್ಧ ಹಿಡಿಯಾಗುತ್ತದೆ. ಕುಚ್ಚಲಕ್ಕಿ ಗಂಜಿಯ ಬಟ್ಟಲಿಗೆ ಮೇಲಿನಿಂದ ಉದುರಿಸಿ, ಸೂಜಿಮೆಣಸು ಒಂದನ್ನು ಉಪ್ಪಿನೊಂದಿಗೆ ನುರಿದು ಹಾಕಿ. ಗಂಜಿ ಬಿಸಿ ಇರುವಾಗಲೇ ಉಣ್ಣಬೇಕು. ನಾಲ್ಕು ಚಮಚ ಆಗುವಷ್ಟರಲ್ಲಿ ಗರಿ ನೆನೆದು ಮೆದುವಾಗುತ್ತದೆ, ಕೊನೆಯ ಚಮಚದಲ್ಲಿ ಪುನಃ ನಿನ್ನೆಯ ಬಫಾತಿನ ರುಚಿ ಬರುತ್ತದೆ.